ಕೂಳೂರು ಕಡವಿನ ಕಟ್ಟು

ರೆಕಾರ್ಡ್ ರೂಮಿನ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಮೊದಲು ಸೀನುವುದನ್ನು ಕಲಿಯಬೇಕು. ಇಂಗ್ಲಿಷು, ಟೈಪು, ಮೇಜಿನ ಮೇಲೆ ಕಾಗದ ಜೋಡಿಸುವ ಅಂದ ಎಲ್ಲ ಆಮೇಲೆ. ಕಡತಗಳನ್ನು ಸುತ್ತಿ ಕಟ್ಟಿದ ಐವತ್ತು ವರ್ಷ ಹಳೆಯ ರುಮಾಲು ಬಿಚ್ಚಿದ ಕೂಡಲೇ ಸೀನು ಬಂದೇ ಬರುತ್ತದೆ. ಕಾಗದದ ಕಡೆ ಸೀನಿದರೆ ಯಾರದೋ ಗದ್ದೆಯ ಗಡಿ ಹಾರಿಹೋಗುತ್ತದೆ. ಮೇಲಧಿಕಾರಿಯ ಕಡೆ ಸೀನಿದರೆ ನಿಮ್ಮ ಕೆಲಸ ಹಾರಿಹೋಗುತ್ತದೆ. ಗೋಡೆಯ ಕಡೆ ತಿರುಗಿ ಸೀನಬೇಕು. ಮೂವತ್ತಮೂರು ವರ್ಷ ಗೋಡೆಯ ಕಡೆ ಸೀನಿ ನಾನು ನಿವೃತ್ತನಾದೆ.

ನನಗೆ ಸಿಕ್ಕ ಬಡ್ತಿಗಳ ವಿಚಾರ ಬರೆಯುವುದಿಲ್ಲ. ಸಿಕ್ಕಿದ್ದು ಎರಡು, ಎರಡೂ ನನ್ನ ಮೇಲಿದ್ದವರು ತೀರಿಕೊಂಡದ್ದರಿಂದ ಬಂದವು. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ಕಚೇರಿ ಯಾವುದೆಂದೂ ಹೇಳುವುದಿಲ್ಲ. ಹಂಚು ಹೊದಿಸಿದ, ದಪ್ಪ ಕಂಬಗಳ, ಜೂನ್ ತಿಂಗಳಲ್ಲಿ ಸೋರುವ ಸರಕಾರಿ ಕಚೇರಿಗಳು ಮಂಗಳೂರಿನಲ್ಲಿ ಹಲವಾರು ಇವೆ. ಅವುಗಳಲ್ಲಿ ಒಂದು ಎಂದುಕೊಳ್ಳಿ. ಪಿಂಚಣಿ ತೆಗೆದುಕೊಳ್ಳುವವನು ಇದಕ್ಕಿಂತ ಹೆಚ್ಚು ಧೈರ್ಯ ತೋರಿಸಬಾರದು.

ನಾನು ಸೇರಿದ್ದು ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಗುವ ಸ್ವಲ್ಪ ಮೊದಲು. ನನ್ನ ಮನೆ ಕೂಳೂರಿನ ಹೊಳೆಯ ಆಚೆ. ಆಗ ಅಲ್ಲಿ ಸೇತುವೆ ಇರಲಿಲ್ಲ. ದೋಣಿಯ ಕಡವು ಇತ್ತು. ಕಡವು ದಾಟಿ, ಅಲ್ಲಿಂದ ನಡೆದು, ಹನ್ನೊಂದು ಗಂಟೆಯ ಒಳಗೆ ಕಚೇರಿ ಮುಟ್ಟಬೇಕು. ನಮ್ಮವರು ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡುವವರು. ಮಿಶನ್ ಶಾಲೆಯ ದಯೆಯಿಂದ ನಾಲ್ಕಕ್ಷರ ಕಲಿತು, ನಮ್ಮ ಕಡೆಯವರಲ್ಲಿ ಆ ಕಚೇರಿಯ ಬೆಂಚಿನ ಮೇಲೆ ಕೂತ ಮೊದಲಿಗ ನಾನೇ. ಬೆಂಚು ಇದಕ್ಕೆ ಆಕ್ಷೇಪ ಎತ್ತಲಿಲ್ಲ. ಉಳಿದವರ ವಿಷಯ ಬೇರೆ. ವರಾಂಡದಲ್ಲಿ ಕುಡಿಯುವ ನೀರಿನ ಮೂರು ಮಡಕೆಗಳಿದ್ದವು: ಒಂದು ಬ್ರಾಹ್ಮಣರಿಗೆ, ಒಂದು ಇತರ ಹಿಂದೂಗಳಿಗೆ, ಒಂದು ಉಳಿದವರಿಗೆ. ನಾನು ಎರಡನೆಯದಕ್ಕೆ ಸೇರಿದವನೋ ಮೂರನೆಯದಕ್ಕೋ ಎಂಬ ಪ್ರಶ್ನೆ ಎದ್ದು, ಅದು ತೀರ್ಮಾನವಾಗುವವರೆಗೆ ಎಂಟು ದಿನ ನಾನು ಬಾವಿಕಟ್ಟೆಗೆ ಹೋಗಿ ಕುಡಿದು ಬರುತ್ತಿದ್ದೆ. ಕಡೆಗೆ ಜವಾನ ಲೂವಿಸ್ ಕರೆದು, "ಬನ್ನಿ, ನಮ್ಮದರಲ್ಲಿ ಕುಡೀರಿ, ಮೂರೂ ಮಡಕೆಗೆ ಆ ಒಂದೇ ಬಾವಿಯಿಂದ ನೀರು ತುಂಬಿಸುವವ ನಾನೇ ಅಲ್ವಾ" ಎಂದ.

ನನ್ನನ್ನು ಹಾಕಿದ್ದು ರೆಕಾರ್ಡ್ ಕೀಪರ್ ವಾಸುದೇವ ಉಪಾಧ್ಯಾಯರ ಕೈಕೆಳಗೆ. ಅವರು ದೇವಸ್ಥಾನದ ಅರ್ಚಕರ ಮನೆತನದವರು, ಅತ್ತಾವರದಲ್ಲಿ ಮನೆ. ಹಣೆಯಲ್ಲಿ ಗೋಪೀಚಂದನ, ಕಿವಿಯಲ್ಲಿ ಒಂಟಿ, ಹೆಗಲ ಮೇಲೆ ಶಾಲು. ಮೊದಲ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ನಿನ್ನ ಇಲ್ಲ್ ಓಲು?"

ನಿನ್ನ ಮನೆ ಎಲ್ಲಿ ಎಂದು ಅರ್ಥ. ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ಘಟ್ಟದ ಮೇಲಿನ ಓದುಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಮ್ಮ ಊರಿನಲ್ಲಿ ಮನೆ ಕೇಳುವುದೆಂದರೆ ಜಾತಿ, ಕುಲ, ಗದ್ದೆ, ಗೇಣಿ, ಮಾವನ ಹೆಸರು ಎಲ್ಲವನ್ನೂ ಒಂದೇ ಸಲ ಕೇಳಿದಂತೆ. ನಾನು ಹೇಳಿದೆ. ಅವರು "ಹೂಂ" ಎಂದು ನಾಲ್ಕು ಮೊಳ ಆಚೆ ಇದ್ದ ಮೇಜು ತೋರಿಸಿದರು. (ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ ನಡೆದದ್ದು. ಇಲ್ಲಿ ಮಂಗಳೂರು ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ.)

ಅವರ ಮಡಿಗೆ ಒಂದು ರಿಯಾಯಿತಿ ಇತ್ತು. ನಾನು ಮುಟ್ಟಿದ ಕಾಗದವನ್ನು ಅವರು ಮುಟ್ಟುತ್ತಿದ್ದರು. ಕಾಗದಕ್ಕೆ ಮೈಲಿಗೆ ಇಲ್ಲ ಎಂದು ಯಾವ ಶಾಸ್ತ್ರದಲ್ಲಿ ಹೇಳಿದೆಯೋ ನನಗೆ ತಿಳಿಯದು. ತಿಂಗಳ ಕೊನೆಗೆ ಸಂಬಳ ಬರುವ ಶಾಸ್ತ್ರದಲ್ಲಿ ಇರಬೇಕು. ಆದರೆ ಮಧ್ಯಾಹ್ನ, ಬಾಳೆಎಲೆಯಲ್ಲಿ ಕಟ್ಟಿ ತಂದ ಅವಲಕ್ಕಿ ಬಿಚ್ಚುವಾಗ, ನಾಲ್ಕು ಮೊಳ ಎಂಟು ಮೊಳವಾಗಬೇಕು. ನಾನು ಬಾಗಿಲ ಆಚೆ ಹೋಗಬೇಕು. ಆಗ ಯಾರಾದರೂ ಮುಟ್ಟಿದರೆ ಅವರು ಎಲೆ ಮಡಚಿ ಎದ್ದುಬಿಡುತ್ತಿದ್ದರು. ಆ ದಿನವೆಲ್ಲ ಉಪವಾಸ.

ಇನ್ನು ರೆಕಾರ್ಡ್ ರೂಮಿನ ವಿಷಯ. ಅದರಲ್ಲಿ ಎಷ್ಟು ಕಟ್ಟುಗಳಿದ್ದವೆಂದು ಯಾರಿಗೂ ಗೊತ್ತಿರಲಿಲ್ಲ. ಹಿಂದೊಂದು ಇಂಡೆಕ್ಸ್ ಇತ್ತಂತೆ. ಅದನ್ನು ಗೆದ್ದಲು ತಿಂದು ಹದಿನೆಂಟು ವರ್ಷವಾಗಿತ್ತು. ಈ ಹದಿನೆಂಟು ವರ್ಷದಲ್ಲಿ ಕಚೇರಿಯ ಒಬ್ಬರಿಗೂ ಆ ಸುದ್ದಿ ತಿಳಿಯಲಿಲ್ಲ, ಏಕೆಂದರೆ ಕೇಳಿದ ಕಾಗದ ಸಿಗುತ್ತಲೇ ಇತ್ತು. ಇಂಡೆಕ್ಸ್ ಉಪಾಧ್ಯಾಯರ ತಲೆಯಲ್ಲಿತ್ತು. ಪ್ರತಿ ವರ್ಷ ಇನ್‌ಸ್ಪೆಕ್ಷನ್ನಿಗೆ ಬಂದವರು "ಇಂಡೆಕ್ಸ್ ಸುಸ್ಥಿತಿಯಲ್ಲಿದೆ" ಎಂದು ಬರೆದು ಹೋಗುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಇದನ್ನು ತಿಳಿಯದ ನಾನು ಸೇರಿದ ವಾರದಲ್ಲೇ ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಮಾಡಿದೆ. ಒಂದು ಭಾನುವಾರ ರಜೆಯಲ್ಲಿ ಬಂದು, ಕಿಟಕಿ ಪಕ್ಕದ ಸಾಲಿನ ಕಟ್ಟುಗಳನ್ನೆಲ್ಲ ಕೆಳಗಿಳಿಸಿ, ಧೂಳು ಕೊಡವಿ, ನಂಬರಿನ ಪ್ರಕಾರ ಜೋಡಿಸಿಟ್ಟೆ. ಶಾಲೆಯಲ್ಲಿ ಅಚ್ಚುಕಟ್ಟಿಗೆ ಬಹುಮಾನ ಪಡೆದವನು ನಾನು. ಸೋಮವಾರ ಉಪಾಧ್ಯಾಯರು ಒಂದು ಕಡತಕ್ಕೆ ಹೋದರು. ಅವರು ಹುಡುಕುವ ರೀತಿ ಹೀಗೆ: ಕಣ್ಣು ಅರ್ಧ ಮುಚ್ಚಿ, ಏನೋ ಗೊಣಗುತ್ತ ನಡೆದು, ಒಂದು ಕಡೆ ನಿಂತು ಕೈ ಚಾಚುವುದು. ಅಂದು ಚಾಚಿದ ಕೈಗೆ ಬೇರೆಯೇ ಕಟ್ಟು ಬಂತು. ಅವರು ಅದನ್ನು ನೋಡಿದರು, ಸಾಲನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು. ಆ ಮುಖ ಬಿಳಿಚಿದ್ದು ನನಗೆ ಈಗಲೂ ಕಾಣುತ್ತದೆ.

"ಉಪಾಧ್ಯಾಯರೇ, ನಾನು ನಂಬರಿನ ಪ್ರಕಾರ ಇಟ್ಟದ್ದು" ಎಂದೆ.

ಅವರು ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟರು. "ನೀನಾ? ದೇವರು ದೊಡ್ಡವ. ನಾನು ನನ್ನ ತಲೆಗೇ ಎಂತದೋ ಆಯ್ತು ಅಂತ ಹೆದರಿದ್ದು ಮಾರಾಯ."

ಬೈಯಲಿಲ್ಲ, ಮೇಲೆ ದೂರಲಿಲ್ಲ. ನಾಲ್ಕು ದಿನ ಕೂತು ಇಬ್ಬರೂ ಆ ಸಾಲನ್ನು ಮತ್ತೆ ಅವ್ಯವಸ್ಥೆಗೆ ತಂದೆವು. ಆಗಲೇ ನನಗೆ ಅವರ ವ್ಯವಸ್ಥೆ ತಿಳಿದದ್ದು. ಅವರಿಗೆ ನಂಬರು ಲೆಕ್ಕಕ್ಕಿರಲಿಲ್ಲ. ಪ್ರತಿ ಕಟ್ಟಿಗೂ ಒಂದು ಜಗಳ, ಪ್ರತಿ ಜಗಳಕ್ಕೂ ಒಂದು ಮನೆ. "ಇದು ಅತ್ತೆ ಗಡಿಕಲ್ಲಿನ ಮೇಲೆ ಕೂತು ಏಳದೇ ಇದ್ದದ್ದು. ಅದರ ಪಕ್ಕ ಅವಳ ಅಳಿಯನ ತೋಡಿನ ನೀರಿನ ಜಗಳ, ಯಾಕೆಂದರೆ ಅವರಿಗೆ ಮಾತಿಲ್ಲದಿದ್ದರೂ ಸಂಬಂಧ ಉಂಟು. ಇದು ಕಿವುಡ ಸಾಕ್ಷಿಯದ್ದು. ಇದು ಕೋಳಿ ದಾಟಿದ ಕುದ್ರು." ಕುದ್ರು ಅಂದರೆ ಹೊಳೆಯ ನಡುವಿನ ತುಂಡು ನೆಲ. ಅದು ದ್ವೀಪವೋ ದಡವೋ ಎಂದು ಎರಡು ಮನೆಗಳು ಮೂವತ್ತು ವರ್ಷ ಹೊಡೆದಾಡಿದ್ದವು. ನೀರಿಳಿದಾಗ ಕೋಳಿಯೊಂದು ನಡೆದೇ ದಾಟಿತು ಎಂಬ ಸಾಕ್ಷಿಯ ಮೇಲೆ ಸರಕಾರ ಅದನ್ನು ದಡ ಎಂದು ತೀರ್ಮಾನಿಸಿತ್ತು.

ಒಂದೂವರೆ ವರ್ಷ ಹೀಗೆ ಕಳೆಯಿತು. ಆಮೇಲೆ ಒಂದು ದಿನ ಯಾರೂ ಜೋಡಿಸದ ಸಾಲಿನ ಮುಂದೆ ಉಪಾಧ್ಯಾಯರ ಕೈ ಗಾಳಿಯಲ್ಲಿ ನಿಂತಿತು.

ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಕನ್ನಡಕ ಹುಡುಕುವುದು, ಲೂವಿಸ್‌ನನ್ನು ಅವನ ತಂದೆಯ ಹೆಸರಿನಿಂದ ಕರೆಯುವುದು. ಬೆಳಿಗ್ಗೆ ಬಾಗಿಲ ಬಳಿ ನಿಂತು ಸೊಂಟದ ಮಡಿಕೆಯಿಂದ ಒಂದು ಚೀಟಿ ತೆಗೆದು ಓದಿಯೇ ಒಳಗೆ ಬರುತ್ತಿದ್ದರು. ಯಾವುದೋ ಮಂತ್ರ ಇರಬೇಕು ಎಂದುಕೊಂಡಿದ್ದೆ. ಅವರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಉಳಿದಿತ್ತು.

ಶಿರಸ್ತೇದಾರರಿಗೆ ವಾಸನೆ ಬಡಿಯಿತು. ಇವರನ್ನು ಪರಿಚಯಿಸಬೇಕು. ಕಚೇರಿಯ ಎಲ್ಲ ಗುಮಾಸ್ತರ ಮೇಲೆ ಇವರು, ಇವರ ಮೇಲೆ ದೊರೆ, ಅಂದರೆ ಇಂಗ್ಲಿಷ್ ಅಧಿಕಾರಿ. ಜರಿಪೇಟ, ಬೆಳ್ಳಿ ಹಿಡಿಯ ಬೆತ್ತ. ಅವರು ನಡೆದು ಬಂದರೆ ಮೊದಲು ಅತ್ತರು ಬರುತ್ತಿತ್ತು, ಆಮೇಲೆ ಬೆತ್ತ, ಕಡೆಗೆ ಅವರು. ಒಂದು ಶನಿವಾರ ನನ್ನನ್ನು ಕರೆಸಿ ದನಿ ತಗ್ಗಿಸಿದರು.

"ಐತಪ್ಪ, ಆ ಅಜ್ಜನ ತಲೆ ಸರಿ ಉಂಟಾ?"

"ನಿನ್ನೆ ನನ್ನ ಅಜ್ಜನ ಹೆಸರು ಹೇಳಿದರು ಸಾರ್. ನನಗೇ ಮರೆತಿತ್ತು."

"ಅದಲ್ಲ ಮಾರಾಯ. ನನ್ನ ಭಾವನ ಮಗ ಒಬ್ಬ ಇದ್ದಾನೆ, ಕೆಲಸ ಇಲ್ಲ. ರೆಕಾರ್ಡ್ ಕೀಪರಿಗೆ ಮರೆವು ಅಂತ ನೀನು ಒಂದು ಬರವಣಿಗೆ ಕೊಡು. ಅವರು ಮನೆಗೆ ಹೋಗ್ತಾರೆ, ಅವ ಬರ್ತಾನೆ, ನಿನ್ನನ್ನು ಕಾಯಂ ಮಾಡ್ತೇನೆ. ಪ್ರತಿ ಶನಿವಾರ ಬಂದು ಹೇಳಬೇಕು."

ನಾನು ಆಗ ಹಂಗಾಮಿ. ಯಾವ ದಿನ ಬೇಕಾದರೂ ಗದ್ದೆಗೆ ವಾಪಸ್. ಕಾಯಂ ಎಂಬ ಪದ ನನ್ನ ಕಿವಿಗೆ ಎಷ್ಟು ಇಂಪಾಗಿತ್ತೆಂದು ಹೊಸಬರಿಗೆ ಹೇಳಬೇಕಾಗಿಲ್ಲ. ಆ ಸಂಜೆ ಕಡವು ದಾಟುವಾಗ ಬರವಣಿಗೆಯ ಮೊದಲ ಎರಡು ಸಾಲು ಮನಸ್ಸಿನಲ್ಲೇ ಬರೆದಿದ್ದೆ ಕೂಡ. ಸೋಮವಾರ ಕಚೇರಿಗೆ ಹೋದರೆ ಉಪಾಧ್ಯಾಯರು ಬಾಗಿಲಲ್ಲಿ ಕಾಯುತ್ತಿದ್ದರು. "ಬಂದೆಯಾ? ನೀನು ಬಾರದೆ ಒಳಗೆ ಹೋಗಲಿಕ್ಕೆ ಮನಸ್ಸಾಗಲಿಲ್ಲ. ಈಗೀಗ ಒಳಗೆ ಎಲ್ಲ ಒಂದೇ ಥರ ಕಾಣ್ತದೆ" ಎಂದರು. ಆ ಎರಡು ಸಾಲು ಅಲ್ಲಿಗೇ ಅಳಿಸಿಹೋಯಿತು.

ಅಂದಿನಿಂದ ನಾವು ಹೊಸ ಇಂಡೆಕ್ಸ್ ಶುರು ಮಾಡಿದೆವು, ಯಾರಿಗೂ ಹೇಳದೆ. ತಲೆ ತಿಳಿಯಾಗಿದ್ದ ಹೊತ್ತಿನಲ್ಲಿ ಅವರು ಸಾಲಿನ ಮುಂದೆ ನಡೆಯುತ್ತ ಹೇಳುವುದು, ನಾನು ಹಿಂದೆ ನಡೆಯುತ್ತ ಬರೆಯುವುದು. ನಂಬರಿಗೆ ತಿರುಗಿಸಲು ಹೊತ್ತಿರಲಿಲ್ಲ. ಅವರ ಬಾಯಿಂದ ಬಂದ ಹಾಗೆಯೇ ಬರೆದೆ. "ಅತ್ತೆ ಕೂತ ಕಲ್ಲು, ಬಾಗಿಲ ಸಾಲು, ಎರಡನೆಯ ಹಲಗೆ." "ಕಿವುಡ ಸಾಕ್ಷಿ, ಅದರ ಮೇಲೆ." ಶನಿವಾರಗಳಲ್ಲಿ ಶಿರಸ್ತೇದಾರರಿಗೆ ಸುಳ್ಳು ವರದಿ ಒಪ್ಪಿಸುತ್ತಿದ್ದೆ: "ಇವತ್ತು ಎಂಟು ಕಟ್ಟು ಕಣ್ಣು ಮುಚ್ಚಿ ತೆಗೆದರು ಸಾರ್." ಅವರ ಮುಖ ಬಾಡುತ್ತಿತ್ತು. ಭಾವನ ಮಗ ಮನೆಯಲ್ಲಿ ದಪ್ಪಗಾಗುತ್ತಿದ್ದ.

ಆದರೆ ನನಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ ಸಂಗತಿ. ಒಂದು ಮಧ್ಯಾಹ್ನ ಉಪಾಧ್ಯಾಯರು ಎಲೆ ಬಿಚ್ಚುವಾಗ ನಾನು ಇನ್ನೂ ಒಳಗಿದ್ದೆ. ಅವರು ನನ್ನನ್ನು ತಮ್ಮವರಲ್ಲಿ ಯಾರೋ ಎಂದುಕೊಂಡು, ನಗುತ್ತ ಕೈ ಸನ್ನೆ ಮಾಡಿ, "ಬಾ ಶೀನ, ಕೂತುಕೋ" ಎಂದು ನನ್ನ ತೋಳು ಹಿಡಿದರು. ನಾನು ಗಾಬರಿಯಿಂದ, "ನಾನು ಶೀನ ಅಲ್ಲ, ಐತಪ್ಪ. ಕೂಳೂರು" ಎಂದೆ. ಅವರ ಕೈ ಸಡಿಲವಾಯಿತು. ಎಲೆ ಮಡಚಿದರು. ಆ ದಿನ ಉಪವಾಸ. ಸಂಜೆ ಹೊರಡುವಾಗ ತಲೆ ತಗ್ಗಿಸಿ ಹೇಳಿದರು:

"ನನ್ನ ಹತ್ತಿರ ಈಗ ಉಳಿದದ್ದು ಮಡಿಯ ನೇಮ ಒಂದೇ. ಅದೂ ಮರೆತರೆ ನಾನು ಯಾರು ಅಂತ ನನಗೇ ಗೊತ್ತಾಗ್ಲಿಕ್ಕಿಲ್ಲ. ನಾನು ಮರೆತರೆ ನೀನು ಮೊದಲೇ ಹೇಳಬೇಕು. ಮಾತು ಕೊಡು."

ಕೊಟ್ಟೆ. ಹೀಗೆ ಸರಕಾರ ನೇಮಿಸದ ಒಂದು ಹುದ್ದೆ ನನಗೆ ಸಿಕ್ಕಿತು. ದಿನವೂ ಮಧ್ಯಾಹ್ನ ಎಲೆ ಬಿಚ್ಚುವ ಮೊದಲು ಆ ವೃದ್ಧರ ಮುಂದೆ ನಿಂತು, ನಾನು ನಿಮ್ಮವನಲ್ಲ, ನನ್ನನ್ನು ದೂರ ಇಡಬೇಕು ಎಂದು ಜ್ಞಾಪಿಸುವುದು. ನನ್ನನ್ನು ದೂರ ಇಡಲು ಊರಿನಲ್ಲಿ ಬೇಕಾದಷ್ಟು ಜನರಿದ್ದರು, ಯಾರೂ ನನ್ನ ಸಹಾಯ ಕೇಳಿರಲಿಲ್ಲ. ಹೇಳುವಾಗ ನನಗೆ ಅವಮಾನವಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವರು ನನ್ನ ಕಡೆ ನೋಡದೆ ಗೋಡೆಗೆ ಮುಖ ಮಾಡಿ, "ಹೇಳಿದ್ದು ಒಳ್ಳೆದಾಯ್ತು" ಎನ್ನುತ್ತಿದ್ದರು. ನಾನು ಹೊರಗೆ ಹೋಗಿ ಲೂವಿಸ್‌ನ ಜೊತೆ ಕೂರುತ್ತಿದ್ದೆ.

ದೊರೆ ಬಂದದ್ದು ಇಂಥ ಒಂದು ಮಧ್ಯಾಹ್ನ. ಹೊಸ ದೊರೆ, ಎಳೆಯ ಪ್ರಾಯ. ಮದರಾಸಿನಲ್ಲಿ ಮುನ್ಷಿಯನ್ನಿಟ್ಟುಕೊಂಡು ಕನ್ನಡ ಪರೀಕ್ಷೆ ಪಾಸು ಮಾಡಿದ್ದರು. ಈ ಊರಿನಲ್ಲಿ ಕನ್ನಡವನ್ನು ಕಾಗದ ಮಾತ್ರ ಆಡುತ್ತದೆ, ಜನ ತುಳು, ಕೊಂಕಣಿ, ಬ್ಯಾರಿ ಆಡುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುನ್ಸೂಚನೆ ಇಲ್ಲದೆ ನೇರವಾಗಿ ರೆಕಾರ್ಡ್ ರೂಮಿಗೆ ಬಂದರು, ಹಿಂದಿನಿಂದ ಪೇಟ ಸರಿಮಾಡಿಕೊಳ್ಳುತ್ತ ಶಿರಸ್ತೇದಾರರು. ದೊರೆ ಒಂದು ಚೀಟಿ ನೋಡಿ ನಂಬರು ಓದಿ, "ಈ ಕುದ್ರುವಿನ ಕಾಗದಗಳು ನನಗೆ ಬೇಕಾಗಿವೆ" ಎಂದರು.

ಉಪಾಧ್ಯಾಯರು ಎದ್ದು ನಿಂತರು. ಕೆಂಪು ಮುಖದ ಆ ಅಪರಿಚಿತನನ್ನು ಮೇಲಿಂದ ಕೆಳಗೆ ನೋಡಿದರು. ಬಹಳ ಮರ್ಯಾದೆಯಿಂದ ಕೇಳಿದರು: "ಈರೆನ ಇಲ್ಲ್ ಓಲು?"

ನಿಮ್ಮ ಮನೆ ಎಲ್ಲಿ ಎಂದು. ದೊರೆಗೆ ಕೇಳಿಸಿದ್ದು ಮುನ್ಷಿ ಕಲಿಸಿದ ಒಂದೇ ಪದ.

"ಇಲ್ಲ? ಏಕೆ ಇಲ್ಲ? ಯಾವಾಗಿನಿಂದ ಇಲ್ಲ?"

ತಮ್ಮ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ಉಪಾಧ್ಯಾಯರು ದನಿ ಎತ್ತರಿಸಿದರು. "ಇಲ್ಲ್, ಇಲ್ಲ್. ಇಲ್ಲ್ ಓಲು?" ಆಮೇಲೆ ಕರುಣೆಯಿಂದ, "ಇಲ್ಲ್ ಇಜ್ಜಾ?" ಎಂದರು. ಪಾಪ, ಮನೆಯೇ ಇಲ್ಲವೇ ಎಂದು.

ದೊರೆ ಶಿರಸ್ತೇದಾರರ ಕಡೆ ತಿರುಗಿದರು. "ಸರಕಾರದ ದಾಖಲೆ ಇಲ್ಲ ಎಂದು ಈ ಮನುಷ್ಯ ಮೂರು ಸಲ ಹೇಳುತ್ತಿದ್ದಾನೆ."

ಶಿರಸ್ತೇದಾರರಿಗೆ ಇದು ಬಯಸಿ ಬಂದ ಗಳಿಗೆ ಆಗಬೇಕಿತ್ತು. ಭಾವನ ಮಗ ಹೊಸ್ತಿಲವರೆಗೆ ಬಂದೇ ಬಿಟ್ಟಿದ್ದ. ಆದರೆ ದಾಖಲೆ ಕಾಣೆಯಾದರೆ ಮೊದಲು ಹೋಗುವ ತಲೆ ತಮ್ಮದೇ ಎಂದು ಅವರಿಗೆ ಹೊಳೆಯಿತು. ಅವರು ಕೈ ಜೋಡಿಸಿ, "ಇಲ್ಲ ಅಲ್ಲ ಸಾರ್, ಇಲ್ಲ್. ಇಲ್ಲ್ ಎಂದರೆ ಮನೆ. ಈ ಜಿಲ್ಲೆಯ ದಾಖಲೆಗಳನ್ನು ನಂಬರಿನಿಂದ ಅಲ್ಲ, ಮನೆಗಳಿಂದ ಹುಡುಕುವ ಪದ್ಧತಿ. ಇದು ಯಾವ ಮನೆಯ ಕಾಗದ ಎಂದು ಆತ ವಿಚಾರಿಸುತ್ತಿದ್ದಾನೆ" ಎಂದರು. ತಾವು ಆಡಿದ್ದು ನಿಜ ಎಂದು ಆ ಮಹಾನುಭಾವರಿಗೆ ಕಡೆಯವರೆಗೂ ಗೊತ್ತಾಗಲಿಲ್ಲ.

ಎಲ್ಲರೂ ಉಪಾಧ್ಯಾಯರನ್ನು ನೋಡಿದರು. ಅವರು ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಏನೂ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ, "ಉಪಾಧ್ಯಾಯರೇ, ಆ ಕೋಳಿ ನಡೆದು ದಾಟಿತಲ್ಲ" ಎಂದೆ.

"ನಡೆದು ಎಂತ ನಡೆದು" ಎಂದರು ಥಟ್ಟನೆ. "ಅರ್ಧ ನಡೆದು ಅರ್ಧ ಹಾರಿದ್ದು. ಸಾಕ್ಷಿ ಹೇಳಿದವ ಸುಳ್ಳ." ಕಣ್ಣು ಅರ್ಧ ಮುಚ್ಚಿಕೊಂಡು ಗೊಣಗುತ್ತ ಹೊರಟರು. ಮೂರನೆಯ ಸಾಲಿನಲ್ಲಿ ನಿಂತು ಕೈ ಚಾಚಿದರು. ಕಟ್ಟು ತಂದು ದೊರೆಯ ಮುಂದಿಟ್ಟರು.

ದೊರೆ ನಂಬರು ತಾಳೆ ನೋಡಿ ಬೆರಗಾದರು. ಆ ವರ್ಷದ ಇನ್‌ಸ್ಪೆಕ್ಷನ್ ನೋಟಿನಲ್ಲಿ "ಗೃಹ ಪದ್ಧತಿ"ಯ ಬಗ್ಗೆ ಒಂದು ಇಡೀ ಪ್ಯಾರಾ ಬಂತು. ಅದನ್ನು ರೂಪಿಸಿದ ಶ್ರೇಯಸ್ಸು ಶಿರಸ್ತೇದಾರರದು ಎಂದಿತ್ತು. ಅವರು ಪ್ಯಾರಾಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಇನ್ನು ತಮ್ಮದೇ ಪದ್ಧತಿಯ ರೆಕಾರ್ಡ್ ಕೀಪರನನ್ನು ತೆಗೆದುಹಾಕುವುದು ಹೇಗೆ? ಉಪಾಧ್ಯಾಯರು ನಿವೃತ್ತಿಯವರೆಗೆ ಕ್ಷೇಮವಾಗಿ ಉಳಿದರು.

ಮರುದಿನ ಮಧ್ಯಾಹ್ನ ಅವರು ಎಲೆ ತೆಗೆದರು. ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎಲೆಯನ್ನು ಎರಡಾಗಿ ಸೀಳಿ, ಅವಲಕ್ಕಿಯನ್ನು ಪಾಲು ಮಾಡಿ, ಒಂದು ತುಂಡನ್ನು ನನ್ನ ಕಡೆ ತಳ್ಳಿದರು. "ತಿನ್ನು. ನೀನು ನಮ್ಮ ಮಾಧವನ ಮಗ ಅಲ್ವಾ?"

ಮಾಧವ ಅವರ ತಮ್ಮ, ಉಡುಪಿಯ ಕಡೆ ಇರುವವರು ಎಂದಷ್ಟು ನನಗೆ ಗೊತ್ತಿತ್ತು. ಮಾತು ಕೊಟ್ಟವನು ನಾನು. ಅಲ್ಲ, ಐತಪ್ಪ, ಕೂಳೂರು ಎನ್ನಬೇಕಿತ್ತು. ಆ ಒಂದು ದಿನ ನನಗೆ ಅದನ್ನು ಹೇಳಲಿಕ್ಕೆ ಆಗಲಿಲ್ಲ. ಹೊಟ್ಟೆ ಹಸಿದದ್ದಕ್ಕಲ್ಲ. ಒಂದು ಸಲವಾದರೂ ಯಾರಾದರೂ ನನ್ನನ್ನು ಕೂರಿಸಿಕೊಂಡು ತಿನ್ನಲಿ ಅನ್ನಿಸಿತು.

"ಹೌದು" ಎಂದೆ.

ತಿಂದೆ. ತೆಂಗಿನತುರಿ, ಬೆಲ್ಲ, ಏಲಕ್ಕಿ. ಅಂಥ ಅವಲಕ್ಕಿಯನ್ನು ನಾನು ಮತ್ತೆ ಎಲ್ಲೂ ತಿಂದಿಲ್ಲ. ಆಮೇಲೆ ದಿನವೂ ಅರ್ಧ ನನಗೆ ಬರತೊಡಗಿತು, ನಾನು ದಿನವೂ ಮಾಧವನ ಮಗನಾಗಿ ತಿಂದೆ. ನೇಮ ಒಂದೇ ಉಳಿದದ್ದು ಎಂದು ತಲೆ ತಗ್ಗಿಸಿ ಕೇಳಿದ ಮನುಷ್ಯನಿಂದ ಅದನ್ನೂ ನಾನು ಕದ್ದೆ. ಕಚೇರಿಯಲ್ಲಿ ಬೇರೆಯವರು ಕದ್ದದ್ದನ್ನೆಲ್ಲ ಕಂಡಿದ್ದೇನೆ, ನಗಾಡಿದ್ದೇನೆ. ನನ್ನ ಈ ಕಳ್ಳತನ ನೆನಪಾದಾಗೆಲ್ಲ, ಇಷ್ಟು ವರ್ಷ, ಮನಸ್ಸು ಚುಚ್ಚುತ್ತಲೇ ಇತ್ತು.

ನಿವೃತ್ತಿಗೆ ಒಂದು ತಿಂಗಳಿರುವಾಗ ಇಂಡೆಕ್ಸ್ ಮುಗಿಯಿತು. ಕೊನೆಯಲ್ಲಿ ಅವರು ಕಿಟಕಿಯ ಸಾಲಿನ ಕೆಳಗೆ ಬಗ್ಗಿ, ಮೂಲೆ ತೋರಿಸಿ, "ಬರಿ. ಕೂಳೂರು ಕಡವಿನ ಕಟ್ಟು" ಎಂದರು.

"ಅದರಲ್ಲಿ ಯಾರ ಜಗಳ ಉಪಾಧ್ಯಾಯರೇ?"

"ಜಗಳ ಎಂತದೂ ಇಲ್ಲ. ನೀನು ಬರಿ."

ಬರೆದೆ. ದೋಣಿಯ ಗುತ್ತಿಗೆಯದ್ದೇನೋ ಇರಬೇಕು ಎಂದುಕೊಂಡೆ. ಯಾರೂ ಕೇಳದ ಕಟ್ಟನ್ನು ಬಿಚ್ಚಬಾರದು ಎಂಬುದು ನಮ್ಮ ವೃತ್ತಿಯ ಮೊದಲ ನಿಯಮ. ಬಿಚ್ಚಿದರೆ ಮತ್ತೆ ಕಟ್ಟಬೇಕಾಗುತ್ತದೆ.

ಬೀಳ್ಕೊಡುಗೆಯ ದಿನ ಶಿರಸ್ತೇದಾರರು ಮುಕ್ಕಾಲು ಗಂಟೆ ತಮ್ಮ ಪದ್ಧತಿಯ ಬಗ್ಗೆ ಮಾತಾಡಿದರು. ಮಾಲೆ ಹಾಕಿಸಿಕೊಂಡು ಕೂತಿದ್ದ ಉಪಾಧ್ಯಾಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ನನ್ನ ಕಡೆ ಬಾಗಿ, "ಯಾರು ರಿಟೈರ್ ಆಗುವುದು?" ಎಂದರು. ನೀವೇ ಎಂದೆ. "ಹೌದಾ? ಪಾಪ" ಎಂದರು.

ಅತ್ತಾವರದ ಮನೆಗೆ ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಜಗಲಿಯ ಕೆಳಗೆ ಅಂಗಳದಲ್ಲಿ ಕೂರುತ್ತಿದ್ದೆ. ಅವರ ಹೆಂಡತಿ ಪದ್ಮಾವತಿಯಮ್ಮ ಮೇಲಿಂದ ಮಜ್ಜಿಗೆ ಹೊಯ್ಯುತ್ತಿದ್ದರು, ಪ್ರೀತಿಯಿಂದಲೇ, ಕೈ ತಾಗದ ಹಾಗೆ. ಆ ಅಮ್ಮನ ನೆನಪು ಸರಿಯಾಗಿತ್ತಲ್ಲ. ಕೊನೆಯ ಸಲ ಹೋದಾಗ ಉಪಾಧ್ಯಾಯರು ಕಂಬ ಹಿಡಿದು ಹೊರಗೆ ಬಂದು, "ಇಲ್ಲ್ ಓಲು?" ಎಂದರು.

"ಕೂಳೂರು."

"ಕಡವು ದಾಟಿ ಬಂದದ್ದಾ? ಅಲ್ಲಿ ನನಗೆ ಗುರ್ತದ ಒಬ್ಬ ಹುಡುಗ ಇದ್ದಾನೆ. ಸಿಕ್ಕಿದರೆ ಒಮ್ಮೆ ಬರಲಿಕ್ಕೆ ಹೇಳು."

"ಹೇಳ್ತೇನೆ" ಎಂದೆ. ನಾನು ಮತ್ತೆ ಹೋಗುವಷ್ಟರಲ್ಲಿ ಅವರು ಇರಲಿಲ್ಲ.

ಮುಂದಿನ ಮೂವತ್ತು ವರ್ಷದಲ್ಲಿ ಪದ್ಧತಿಗಳು ಬದಲಾದವು. ಟೈಪ್‌ರೈಟರ್ ಬಂತು, ಕಬ್ಬಿಣದ ಬೀರು ಬಂತು. ವರಾಂಡದ ಮೂರು ಮಡಕೆ ಎರಡಾಗಿ, ಆಮೇಲೆ ಒಂದಾಯಿತು. ಅದಕ್ಕೆ ಕಾರಣ ಸುಧಾರಣೆಯಲ್ಲ, ಒಡೆದ ಮಡಕೆಗೆ ಬದಲಿ ಮಂಜೂರಾಗಲಿಲ್ಲ. ನಮ್ಮ ಇಂಡೆಕ್ಸನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಕ್ಕೆ ಕಳುಹಿಸಲು ಆಜ್ಞೆಯಾಯಿತು. ಕಳುಹಿಸಿದೆ. "ಕಲ್ಲಿನ ಮೇಲೆ ಕುಳಿತ ಅತ್ತೆ ಎಂಬ ದಾಖಲೆ ಯಾವ ಇಲಾಖೆಗೆ ಸೇರಿದ್ದು?" ಎಂದು ಮದರಾಸಿನಿಂದ ಪ್ರಶ್ನೆ ಬಂತು. ದೊರೆಯ ಇನ್‌ಸ್ಪೆಕ್ಷನ್ ನೋಟಿನ ಆ ಪ್ಯಾರಾ ನೋಡಿ ಎಂದು ಉತ್ತರ ಬರೆದೆ. ಮತ್ತೆ ಯಾರೂ ಕೇಳಲಿಲ್ಲ.

ಈಗ ನಾನು ಫಳ್ನೀರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಜಾಗಕ್ಕೆ ಬಂದ ಹುಡುಗ ಸದಾನಂದ ಕೊಡೆಯ ಕೆಳಗೆ ಒಂದು ಕಟ್ಟು ಅವುಚಿಕೊಂಡು ಬಂದ. ದಾಖಲೆಯನ್ನು ಕಚೇರಿಯಿಂದ ಹೊರಗೆ ತಂದದ್ದಕ್ಕೆ ಚೆನ್ನಾಗಿ ಬೈದು, ಆಮೇಲೆ ಒಳಗೆ ಕರೆದೆ.

"ಹಳೆ ಕಟ್ಟು ಸುಡ್ಲಿಕ್ಕೆ ಆರ್ಡರ್ ಬಂದಿದೆ ಸಾರ್. ಇದಕ್ಕೆ ನಂಬರು ಇಲ್ಲ, ಹೆಸರು ಮಾತ್ರ ಉಂಟು. ಇಂಡೆಕ್ಸಿನಲ್ಲಿ ನಿಮ್ಮ ಕೈಬರಹ" ಎಂದ.

ಕೂಳೂರು ಕಡವಿನ ಕಟ್ಟು. ಬಿಚ್ಚಿ, ಗೋಡೆಯ ಕಡೆ ತಿರುಗಿ ಸೀನಿದೆ. ಒಳಗೆ ಕಡತ ಇರಲಿಲ್ಲ. ಹಳೆಯ ಲಕೋಟೆಗಳ ಹಿಂಬದಿಯನ್ನು ಕತ್ತರಿಸಿ ಮಾಡಿದ ಚೀಟಿಗಳು, ಅವುಗಳ ಮೇಲೆ ಉಪಾಧ್ಯಾಯರ ಸಣ್ಣ ಅಕ್ಷರ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಓದುತ್ತಿದ್ದ ಮಂತ್ರಗಳು. ಮೇಲಿನಿಂದ ಓದುತ್ತ ಬಂದೆ.

"ಐತಪ್ಪ. ಮನೆ ಕೂಳೂರು ಕಡವಿನ ಆಚೆ. ಗದ್ದೆ ಮಾಡುವವರು. ಒಮ್ಮೆ ಕಟ್ಟು ಅಡಿಮೇಲು ಮಾಡಿದವ. ಒಳ್ಳೆಯವ."

"ಶಿರಸ್ತೇದಾರರು ಐತಪ್ಪನನ್ನು ನನ್ನ ಮೇಲೆ ಕಣ್ಣಿಡಲು ಹೇಳಿದ್ದಾರೆ. ಲೂವಿಸ್ ಹೇಳಿದ. ಐತಪ್ಪ ನನ್ನ ಕಡೆ."

"ಊಟದ ಹೊತ್ತಿಗೆ ಐತಪ್ಪ ದೂರ. ಅವನೇ ಬಂದು ಹೇಳುತ್ತಾನೆ. ಹೇಳುವಾಗ ಅವನ ಮುಖ ನೋಡಬೇಡ. ನೋಡಲಿಕ್ಕೆ ಆಗುವುದಿಲ್ಲ."

ಮುಂದಿನದು ಸ್ವಲ್ಪ ದೊಡ್ಡ ಚೀಟಿ.

"ನಿನ್ನೆ ದೊರೆ ಬಂದದ್ದಂತೆ. ಐತಪ್ಪ ನನ್ನನ್ನು ಉಳಿಸಿದನಂತೆ. ನನಗೆ ನೆನಪಿಲ್ಲ. ಇವತ್ತು ತಲೆ ತಿಳಿ ಉಂಟು. ಅವಲಕ್ಕಿ ಅರ್ಧ ಕೊಟ್ಟೆ. ಐತಪ್ಪ ಎಂದು ಕರೆದು ಕೊಡಲು ನನಗೆ ಧೈರ್ಯವಾಗಲಿಲ್ಲ. ಮಾಧವನ ಮಗನಾ ಎಂದು ಕೇಳಿದೆ. ಹೌದು ಎಂದ. ಮಾಧವನಿಗೆ ಮಕ್ಕಳಿಲ್ಲ. ಬೆಲ್ಲ ಸ್ವಲ್ಪ ಕಡಿಮೆ ಆಗಿತ್ತು."

ಆಮೇಲಿನ ಚೀಟಿಗಳೆಲ್ಲ ಒಂದೇ ತೆರ. ಅಕ್ಷರ ದಿನದಿನಕ್ಕೆ ನಡುಗುತ್ತ ಹೋಗಿತ್ತು, ಮಾತು ಬದಲಾಗಿರಲಿಲ್ಲ. "ಕೂಳೂರು ಹುಡುಗ ಬರುತ್ತಾನೆ. ಅರ್ಧ ಅವನಿಗೆ."

ನಾನು ಚೀಟಿಗಳನ್ನು ಮತ್ತೆ ರುಮಾಲಿನಲ್ಲಿ ಕಟ್ಟಿದೆ. ಸದಾನಂದ ಕುರ್ಚಿಯ ತುದಿಗೆ ಬಂದ. "ಸುಡುವುದಾ ಸಾರ್? ಇದನ್ನು ಯಾವ ಪಟ್ಟಿಗೆ ಹಾಕಲಿ?"

ಅವನ ಪೆನ್ಸಿಲ್ ತೆಗೆದುಕೊಂಡು ರುಮಾಲಿಗೆ ಅಂಟಿಸಿದ್ದ ಕಾಗದದ ಮೇಲೆ "ಶಾಶ್ವತ" ಎಂದು ಬರೆದು ಸಹಿ ಹಾಕಿದೆ. ನಿವೃತ್ತನಾದವನಿಗೆ ಆ ಅಧಿಕಾರ ಇಲ್ಲ. ಮೂವತ್ತಮೂರು ವರ್ಷದಲ್ಲಿ ಮಾಡದ ಫೋರ್ಜರಿಯನ್ನು ಆಮೇಲೆ ಮಾಡಿದೆ. ಕಿಟಕಿಯ ಸಾಲು, ಕೆಳಗಿನ ಮೂಲೆ, ಅಲ್ಲಿಯೇ ಇಡಬೇಕು ಎಂದು ಹೇಳಿದೆ.

ಅವನು ಕಟ್ಟನ್ನು ಮತ್ತೆ ಕೊಡೆಯ ಕೆಳಗೆ ಅವುಚಿಕೊಂಡು ಮೆಟ್ಟಲು ಇಳಿಯುತ್ತ ತಿರುಗಿ ನಿಂತ. "ಯಾರಾದರೂ ಕೇಳಿದರೆ? ಇದರಲ್ಲಿ ಎಂತ ಉಂಟು ಸಾರ್?"

"ಅವಲಕ್ಕಿ ಉಂಟು" ಎಂದೆ.